ಸೂಳೆಕೆರೆ ಗುಡ್ಡದ ಬೆಂಕಿ, ದೊಡ್ಡಪ್ಪನ ಅಡಿಕೆ ಒಲೆ

ಇಲ್ಲಿ ಏನೂ ಬರೆಯದೆ ಬಹಳ ದಿನವಾಯಿತು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈ ಸಲ ಶಿವರಾತ್ರಿಗೆ ಊರಿಗೆ ಹೋಗಿದ್ದಾಗ ಕಂಡದ್ದೊಂದು ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಆಸುಪಾಸಿನಲ್ಲಿದೆ. ವಾಪಸ್ಸು ಹೊರಡುವ ಹಿಂದಿನ ರಾತ್ರಿ ಉಂಡು ಅಂಗಳಕ್ಕೆ ಬಂದರೆ ಎದುರಿನ ಗುಡ್ಡದ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ತೆವಳುತ್ತಿತ್ತು. ದೂರದಿಂದ ನೋಡಿದರೆ ಜಾತ್ರೆಯ ಪಂಜಿನ ಮೆರವಣಿಗೆ ಇದ್ದಂತೆ. ನಡುನಡುವೆ ಒಂದು ಕಡೆ ಭಗ್ಗನೆ ಎತ್ತರಕ್ಕೆ ಎದ್ದು ಮತ್ತೆ ಕೆಳಗಿಳಿಯುತ್ತಿತ್ತು. ಪೇಟೆಯಲ್ಲೇ ಬೆಳೆದ ನನ್ನ ಮಗಳು "ಎಷ್ಟು ಚೆನ್ನಾಗಿದೆ ಅಲ್ವಾ ಅಪ್ಪಾ" ಅಂದಳು.

ಪಕ್ಕದಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಹೇಳಿದರು. "ಚೆಂದ ಏನೋ ಐತಿ ಮಗಾ. ಆದ್ರೆ ಅಲ್ಲಿ ಉರೀತಿರೋದು ನಮ್ಮ ಅಡಿಕೆ ಒಲೆಗೆ ಬರಬೇಕಿದ್ದ ಸೌದೆ."

ಈ ಮಾತಿನ ಹಿಂದೆ ಒಂದು ದೊಡ್ಡ ಕಥೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೆರೆಯ ವಿಷಯ. ಹೆಸರು ಕೇಳಿ ನಗುವವರು ನಕ್ಕುಬಿಡಿ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಊರು ಯಾವುದು ಅಂದರೆ ನಾನೂ "ಶಾಂತಿಸಾಗರದ ಹತ್ತಿರ" ಅಂತ ಹೇಳಿ ತಪ್ಪಿಸಿಕೊಂಡವನೇ. ಈಗ ಆ ಮುಜುಗರ ಇಲ್ಲ. ಶಾಂತವ್ವ ಅನ್ನುವ ರಾಜಕುಮಾರಿ ಕೆರೆ ಕಟ್ಟಿಸಿದಳು, ಆ ಜಾಗಕ್ಕಾಗಿ ಅಲ್ಲಿದ್ದ ಸೂಳೆಯರು ಕೇಳಿದ ಬೆಲೆ ಕೆರೆಗೆ ತಮ್ಮ ಹೆಸರು ಇಡಬೇಕು ಅನ್ನುವುದು, ಅಂತ ಕಥೆ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಕಥೆ ಏನೇ ಇರಲಿ, ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗಿ ಹೋಗುವ ಜಾಗ ಹುಡುಕಿ, ಅಲ್ಲೊಂದು ಏರಿ ಹಾಕಿ, ಹಿಂದೆ 6 ಸಾವಿರ ಎಕರೆಗೂ ಮಿಕ್ಕಿ ನೀರು ನಿಲ್ಲಿಸಿದ್ದಾರಲ್ಲ, ಆ ಬುದ್ಧಿಗೆ ಕೈ ಮುಗಿಯಬೇಕು. ಸಿದ್ದನ ತೂಬು, ಬಸವನ ತೂಬು ಅಂತ ಎರಡು ತೂಬು. ನೂರಾರು ವರ್ಷದಿಂದ ಆ ಏರಿ ನಿಂತಿದೆ. ಚಿತ್ರದುರ್ಗದವರೂ ಇದೇ ಕೆರೆಯ ನೀರು ಕುಡಿದಿದ್ದಾರೆ.

ಆ ಏರಿಯನ್ನು ಎರಡೂ ಕಡೆ ಹಿಡಿದು ನಿಂತಿರುವುದು ಗುಡ್ಡಗಳು. ಗುಡ್ಡ ಬೋಳಾದರೆ ಮಳೆಗೆ ಅದರ ಮಣ್ಣು ಬಂದು ಬೀಳುವುದು ಕೆರೆಗೆ. ಪ್ರತಿ ಬೇಸಿಗೆ ಗುಡ್ಡ ಸುಟ್ಟು, ಮುಂಗಾರಿನ ಮೊದಲ ಮಳೆಗೆ ಕಪ್ಪು ನೀರು ಹಳ್ಳದಲ್ಲಿ ಇಳಿಯುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಹೂಳು, ಹೂಳು ಅಂತ ಎಲ್ಲರೂ ಕೂಗುತ್ತಾರೆ. ಅದರಲ್ಲಿ ಎಷ್ಟು ಪಾಲು ಈ ಬೆಂಕಿಯದು ಅಂತ ಯಾರೂ ಕೇಳುವುದಿಲ್ಲ.

ಉರಿಯುವುದು ಏನು? ಹುಲ್ಲು ಸ್ವಲ್ಪ. ಉಳಿದದ್ದು ಲಂಟಾನ. ನಮ್ಮಜ್ಜಿ ಅದನ್ನು ಬರೀ "ಕಂಟಿ" ಅನ್ನುತ್ತಿದ್ದರು. ಹಳದಿ, ಕೆಂಪು, ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂಗೊಂಚಲು, ಕೈಗೆ ತಾಗಿದರೆ ಗೀರುವ ಮುಳ್ಳು, ಎಲೆ ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ. ಕಪ್ಪು ಹಣ್ಣನ್ನು ನಾವು ಸ್ಕೂಲಿಗೆ ಹೋಗುವ ದಾರಿಯಲ್ಲಿ ತಿನ್ನುತ್ತಿದ್ದೆವು. ದನ ಮಾತ್ರ ಮುಟ್ಟುವುದಿಲ್ಲ, ಮುಟ್ಟಿದರೆ ಕಾಯಿಲೆ ಬೀಳುತ್ತವೆ. (ನಿಮ್ಮ ಕಡೆ ಇದಕ್ಕೆ ಏನಂತಾರೆ? ಗೊತ್ತಿದ್ದರೆ ತಿಳಿಸಿ, ಒಂದು ಪಟ್ಟಿ ಮಾಡುವ ಆಸೆ ಇದೆ.)

ಇದು ನಮ್ಮ ನೆಲದ ಗಿಡವೇ ಅಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯದು. ಅಲ್ಲಿಂದ ಯೂರೋಪಿನ ತೋಟಗಳಿಗೆ ಹೋಗಿ, ಹೂವಿನ ಚೆಂದಕ್ಕೆ ಮರುಳಾದ ಬ್ರಿಟಿಷರ ಮೂಲಕ 1809ರಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂತು ಅನ್ನುತ್ತಾರೆ. ತೋಟದ ಬೇಲಿಗೆ, ಬಂಗಲೆಯ ಅಂದಕ್ಕೆ ನೆಟ್ಟದ್ದು ಬೇಲಿ ಹಾರಿತು. ಪಿಕಳಾರ ಹಕ್ಕಿ ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಹಾಕಿತು. ನೂರು ವರ್ಷ ಕಳೆಯುವಷ್ಟರಲ್ಲಿ ಸರ್ಕಾರಕ್ಕೆ ತಲೆನೋವು ಶುರುವಾಗಿ, ವೈ. ರಾಮಚಂದ್ರ ರಾವ್ ಅನ್ನುವ ಕೀಟತಜ್ಞರು ದೇಶ ಸುತ್ತಿ ಈ ಗಿಡವನ್ನು ತಿನ್ನುವ ಹುಳುಗಳು ಯಾವುವು ಅಂತ ಹುಡುಕಿದರು. 1920ರಲ್ಲಿ ಅವರ ವರದಿ ಅಚ್ಚಾಯಿತು. ನೂರಕ್ಕೂ ಮಿಕ್ಕಿ ಕೀಟ ಸಿಕ್ಕಿದವು, ಗಿಡವನ್ನು ಹದ್ದಿನಲ್ಲಿಡುವಂಥದ್ದು ಒಂದೂ ಸಿಗಲಿಲ್ಲ. 1921ರಲ್ಲಿ ಹವಾಯಿಯಿಂದ ಇದರ ಹಣ್ಣು ಕೊರೆಯುವ ನೊಣವನ್ನು ಬೆಂಗಳೂರಿಗೆ ತರಿಸಿ ಬಿಟ್ಟರು. ನೊಣ ಬಂತು, ಕಂಟಿ ಹೋಗಲಿಲ್ಲ. ನೂರು ವರ್ಷ ದಾಟಿ 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ಕಾಡುಗಳ ಶೇಕಡಾ 40ಕ್ಕೂ ಹೆಚ್ಚು ಭಾಗದಲ್ಲಿ ಲಂಟಾನ ಕೂತಿದೆ.

ಲಂಟಾನಕ್ಕೆ ಬೇಕಾದದ್ದು ಬಿಸಿಲು. ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ. ಮರ ಕಡಿದು ಬಿಸಿಲು ನೆಲಕ್ಕೆ ಬಿದ್ದ ಕಡೆ ಮೊದಲು ಬಂದು ಕೂರುವುದು ಅದೇ. ಹಾಗಾದರೆ ನಮ್ಮ ಸೀಮೆಯಲ್ಲಿ ಬಿಸಿಲು ನೆಲಕ್ಕೆ ಬಿದ್ದದ್ದು ಯಾವಾಗ?

ಒಂದೇ ಕಾರಣ ಹೇಳುವುದು ಸುಳ್ಳಾಗುತ್ತದೆ. ಸಾಗುವಳಿ, ದನ, ರಸ್ತೆ, ಜನ ಎಲ್ಲ ಇದೆ. ಆದರೆ ಒಂದು ದೊಡ್ಡ ಹೊಟ್ಟೆ ನಮ್ಮ ಪಕ್ಕದಲ್ಲೇ ಇತ್ತು. ಅದು ಭದ್ರಾವತಿ.

ಚನ್ನಗಿರಿ 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆ ಜಿಲ್ಲೆ ಆದದ್ದು ಆಮೇಲೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದು ವಿಶ್ವೇಶ್ವರಯ್ಯನವರ ಹೆಸರಿನ ಜೊತೆ. 1918ರಲ್ಲಿ ಶುರುವಾಗಿ, 1923ರಲ್ಲಿ ಕುಲುಮೆ ಉರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ. ಬೆಂಕಿಗೆ ಏನು? ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಬಂಗಾಳ, ಬಿಹಾರದಿಂದ ರೈಲಿನಲ್ಲಿ ತರಿಸಿದರೆ ಕಬ್ಬಿಣಕ್ಕಿಂತ ಸಾಗಣೆಯೇ ದುಬಾರಿ. ಹಾಗಾಗಿ ಶಿವಮೊಗ್ಗ, ಕಡೂರು ಜಿಲ್ಲೆಗಳ ಕಾಡಿನ ಮರ ಕಡಿದು, ಇದ್ದಿಲು ಮಾಡಿ, ಅದರಲ್ಲಿ ಕಬ್ಬಿಣ ಕರಗಿಸುವುದು ಅಂತ ಆಯಿತು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರ ಭಟ್ಟಿ ಇಳಿಸುವ ಮಾತು ಇತ್ತು. ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಟ್ಟಿಗೆ ತುಂಬಿ ಗಾಳಿಯಾಡದಂತೆ ಕಾಯಿಸುವುದು. ಇದ್ದಿಲು ಒಳಗೆ ಉಳಿಯುತ್ತದೆ, ಹೊರಬಂದ ಹೊಗೆಯನ್ನು ತಣಿಸಿದರೆ ಮರದ ಸಾರಾಯಿ (ಕುಡಿಯುವುದಲ್ಲ, ಕುಡಿದರೆ ಕಣ್ಣು ಹೋಗುತ್ತದೆ), ಸುಣ್ಣದ ಅಸಿಟೇಟು, ಟಾರು. ಹೊಗೆಯನ್ನೂ ಬಿಡದೆ ಮಾರಿದ ಕಾರ್ಖಾನೆ ಅದು. ಇವತ್ತು ನಾವು ದೊಡ್ಡದಾಗಿ ಬಯೋಮಾಸ್ ಅನ್ನುತ್ತೇವಲ್ಲ, ಅದನ್ನು ಅಷ್ಟು ಅಚ್ಚುಕಟ್ಟಾಗಿ ನೂರು ವರ್ಷದ ಹಿಂದೆ ನಮ್ಮ ಪಕ್ಕದ ಊರಿನಲ್ಲಿ ಮಾಡಿದ್ದಾರೆ ಅನ್ನುವುದು ನನಗೆ ಹೆಮ್ಮೆಯ ವಿಷಯವೇ.

ಆದರೆ ಲೆಕ್ಕ ಹಾಕಿ ನೋಡಿ. ಇಂಥ ಕುಲುಮೆಯಲ್ಲಿ ಒಂದು ಟನ್ ಬೀಡು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ. ಅದೂ ಕಂಟಿ ಕಡ್ಡಿ ಅಲ್ಲ, ತೋಳು ದಪ್ಪದ, ತೊಡೆ ದಪ್ಪದ ಗಟ್ಟಿ ಮರ. ಸಣ್ಣ ಕಡ್ಡಿಯ ಇದ್ದಿಲು ಕುಲುಮೆಯಲ್ಲಿ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿ ಕಟ್ಟಿಬಿಡುತ್ತದೆ. ಹಾಗಾಗಿ ಕಾಡಿನ ಒಳಗೆ ಟ್ರಾಮ್ ಹಳಿ ಹಾಕಿ ದಿಮ್ಮಿ ಸಾಗಿಸಿದರು. ರೆಂಬೆ, ಕೊಂಬೆ, ಕುರುಚಲು ಅಲ್ಲೇ ಉಳಿಯಿತು. 1952ರಲ್ಲಿ ಜೋಗದ ಕರೆಂಟಿನ ಬಲದಿಂದ ವಿದ್ಯುತ್ ಕುಲುಮೆ ಬಂದ ಮೇಲೆ ಇದ್ದಿಲಿನ ಹಸಿವು ಕಡಿಮೆಯಾಯಿತು. ಮುಂದೆ ಭದ್ರಾವತಿಯಲ್ಲೇ ಇದ್ದ ಕಾಗದದ ಕಾರ್ಖಾನೆಗೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ದೊಡ್ಡ ಮರ ಕಾರ್ಖಾನೆಗೆ, ಖಾಲಿ ಜಾಗ ಕಂಟಿಗೆ. ನಾವು ಒಳ್ಳೆಯದನ್ನು ಮೊದಲು ಸುಟ್ಟುಬಿಟ್ಟೆವು. ಈಗ ಕೆಟ್ಟದ್ದು ತಾನೇ ಸುಟ್ಟುಕೊಳ್ಳುತ್ತಿದೆ.

ಇದ್ದಿಲು ಅಂದಾಗ ಇನ್ನೊಂದು ನೆನಪಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಬಸ್ಸುಗಳು ಇದ್ದಿಲಿನಲ್ಲಿ ಓಡಿದವು. ಬಸ್ಸಿನ ಬೆನ್ನಿಗೊಂದು ಡ್ರಮ್ಮು. ಅದರಲ್ಲಿ ಇದ್ದಿಲು ಅರೆಬರೆ ಉರಿಸಿ, ಬರುವ ಅನಿಲವನ್ನು ಇಂಜಿನ್ನಿಗೆ ಕೊಡುವುದು. ಅಜ್ಜ ಹೇಳುತ್ತಿದ್ದರು: ಬೆಳಗ್ಗೆ ಕ್ಲೀನರ್ ಹುಡುಗ ಬೀಸಣಿಗೆ ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸುವಷ್ಟರಲ್ಲಿ ಪ್ರಯಾಣಿಕರು ಕಾಫಿ ಕುಡಿದು, ಎಲೆಅಡಿಕೆ ಹಾಕಿ, ಜಗಳವೂ ಆಡಿ ಮುಗಿಸಿರುತ್ತಿದ್ದರಂತೆ. ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಯುದ್ಧ ಮುಗಿದು ಪೆಟ್ರೋಲ್ ಬಂದದ್ದೇ ತಡ, ಡ್ರಮ್ಮುಗಳು ಗುಜರಿಗೆ ಹೋದವು. ಆ ಡ್ರಮ್ಮೇ ಗ್ಯಾಸಿಫೈಯರ್. ಅದನ್ನು ಮತ್ತೆ ಕಾಣೋಣ.

ಈಗ ದೊಡ್ಡಪ್ಪನ ಕಥೆ.

ಚನ್ನಗಿರಿ ಅಂದರೆ ಅಡಿಕೆ ಅಂತ ನಿಮಗೆಲ್ಲ ಗೊತ್ತು. ಹಸಿ ಅಡಿಕೆ ಕೊಯ್ದು, ಸುಲಿದು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ, ಒಣಗಿಸಿದರೆ ರಾಶಿ ಅಡಿಕೆ. ಸೀಸನ್ನಿನಲ್ಲಿ ಒಲೆ ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಅದಕ್ಕೆ ಸೌದೆ ಲೋಡುಗಟ್ಟಲೆ ಬೇಕು. ಹುಣಸೆ, ಮಾವು, ನೀಲಗಿರಿ, ಜಾಲಿ, ಸಿಕ್ಕಿದ್ದನ್ನು ದುಡ್ಡು ಕೊಟ್ಟು ತರಿಸುತ್ತಾರೆ. ಈಗೀಗ ಬಹಳ ಜನ ಖೇಣಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ಹಠದಿಂದ ಮನೆಯಲ್ಲೇ ಬೇಯಿಸುವವರು.

2016ರ ಬೇಸಿಗೆ, ಬರಗಾಲದ ವರ್ಷ. ಗುಡ್ಡಕ್ಕೆ ಬಿದ್ದ ಬೆಂಕಿ ಆ ಸಲ ಗುಡ್ಡದಲ್ಲೇ ನಿಲ್ಲಲಿಲ್ಲ. ಹಳ್ಳದ ದಡದ ಉದ್ದಕ್ಕೂ ಲಂಟಾನ ಮೆಳೆ ಕಟ್ಟಿಕೊಂಡು ತೋಟದ ಬೇಲಿಯವರೆಗೆ ಬಂದಿತ್ತು. ಬತ್ತಿ ಹಿಡಿದು ಬಂದಂತೆ ಬೆಂಕಿ ಅದೇ ದಾರಿಯಲ್ಲಿ ಇಳಿಯಿತು. ಊರಿನವರೆಲ್ಲ ಸೇರಿ ಹಸಿ ಸೊಪ್ಪಿನ ರೆಂಬೆ ಹಿಡಿದು ಬಡಿದರು. ಆರುವಷ್ಟರಲ್ಲಿ ಅಂಚಿನ ಎರಡು ಸಾಲು ಅಡಿಕೆ ಮರ ಬೆಂದುಹೋಗಿದ್ದವು. ಅಡಿಕೆ ಮರ ಒಂದು ಕಡೆ ಬಿಸಿಲು ಹೊಡೆದರೇ ಸೀಳುವ ಜಾತಿ, ಬೆಂಕಿ ತಾಗಿದರೆ ಕೇಳಬೇಕೆ. ಅವು ನಮ್ಮ ಅಜ್ಜ ನೆಟ್ಟ ಮರಗಳು. ಆ ವಾರ ದೊಡ್ಡಪ್ಪ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಒಂದು ದಿನ ನನಗೆ ಫೋನ್ ಮಾಡಿದರು. "ನೋಡಪ್ಪಾ, ಅದು ನಮ್ಮನ್ನ ಸುಡೋಕಿಂತ ಮುಂಚೆ ನಾವೇ ಅದನ್ನ ಸುಡಬೇಕು. ನಮ್ಮ ಒಲೇಲಿ."

ಮಳೆಗಾಲ ಮುಗಿಯುತ್ತಿದ್ದಂತೆ ನಾಲ್ಕು ಆಳು ಹಚ್ಚಿ ತೋಟದ ಸುತ್ತ, ಹಳ್ಳದ ದಡದಲ್ಲಿ ಕಂಟಿ ಕಡಿಸಿದರು. ಕಡಿಯುವುದು ನೋಡಿದವರಿಗೆ ಗೊತ್ತು ಆ ಕಷ್ಟ. ಒಂದು ಕೊಂಬೆ ಎಳೆದರೆ ಹತ್ತು ಕೊಂಬೆ ಹಿಡಿದುಕೊಳ್ಳುತ್ತವೆ. ಮುಳ್ಳು ಹಿಂದಕ್ಕೆ ಬಾಗಿದ್ದು, ಕೈ ಒಳಗೆ ಹೋಗುವಾಗ ಬಿಡುತ್ತದೆ, ಹೊರಗೆ ಬರುವಾಗ ಬಿಡುವುದಿಲ್ಲ. ಎರಡನೇ ದಿನಕ್ಕೆ ಇಬ್ಬರು ಆಳು ಬರಲಿಲ್ಲ. ಮೂರನೇ ದಿನ ಬಂದವರು ಕೂಲಿ ಜಾಸ್ತಿ ಕೇಳಿದರು, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ತುಂಬ ಹೇರಿದರೆ ನೋಡಲು ಆನೆಯಷ್ಟು, ತೂಕ ನೋಡಿದರೆ ಏನೂ ಇಲ್ಲ. ಒಳಗೆಲ್ಲ ಗಾಳಿ. ಅದೇ ಟ್ರೇಲರಿನಲ್ಲಿ ಹುಣಸೆ ಕೊರಡು ಹೇರಿದ್ದರೆ ಅದರ ಎಷ್ಟೋ ಪಟ್ಟು ಬರುತ್ತಿತ್ತು.

ಒಣಗಿದ ಮೇಲೆ ಒಲೆಗೆ ಹಾಕಿದರು. ಉರಿಯಿತಾ? ಉರಿಯಿತು, ಚೆನ್ನಾಗಿಯೇ ಉರಿಯಿತು. ಕಿಲೋ ಲೆಕ್ಕಕ್ಕೆ ಒಣ ಲಂಟಾನದ ಕಾವು ಬೇರೆ ಸೌದೆಗಿಂತ ಅಷ್ಟೇನೂ ಕಡಿಮೆ ಅಲ್ಲ. ಆದರೆ ಕಾಗದ ಉರಿದಂತೆ ಭಗ್ಗೆಂದು ಉರಿದು ಮುಗಿದುಹೋಗುತ್ತದೆ. ಒಲೆಯ ಮುಂದೆ ಕೂತವರು ನಮ್ಮ ದೊಡ್ಡಮ್ಮ. ಮೂರನೇ ರಾತ್ರಿ ತೀರ್ಪು ಕೊಟ್ಟುಬಿಟ್ಟರು.

"ಹುಣಸೆ ಕೊರಡು ಹಾಕಿದ್ರೆ ಒಂದು ನಿದ್ದೆ ತೆಗೀಬಹುದು. ಇದಕ್ಕೆ ಹಸುಗೂಸಿನಂಗೆ ಗಳಿಗೆಗೊಮ್ಮೆ ಉಣ್ಣಿಸ್ಬೇಕು. ನಿಮ್ಮ ದೊಡ್ಡಪ್ಪಗೆ ಸೌದೆ ದುಡ್ಡು ಉಳೀತು, ನನ್ನ ನಿದ್ದೆ ಯಾರ ಲೆಕ್ಕಕ್ಕೆ ಬಂತು?"

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಅಮೂಲ್ಯ ರೆಡ್ಡಿಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಸಾಯನಿಕ ವಿಜ್ಞಾನಿಯಾಗಿದ್ದ ಅವರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದರು. ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬಹುದು. ಅವರು ಮತ್ತು ಸಂಗಡಿಗರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರ ಮನೆಗೆ ಎಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಅಂತ ಕೂತು ಅಳೆದರು. ಪೇಟೆಯವರು ತಿಳಿದಂತೆ ಹಳ್ಳಿಯವರು ಒಲೆಗಾಗಿ ಮರ ಕಡಿಯುತ್ತಿರಲಿಲ್ಲ, ಹೆಂಗಸರು ಮಕ್ಕಳು ಕಡ್ಡಿ ಪುಳ್ಳೆ ಆಯ್ದು ತರುತ್ತಿದ್ದರು. ಆ ಲೆಕ್ಕದಲ್ಲಿ ಸೌದೆಯ ಕಿಲೋ ಜೊತೆಗೆ ಹೆಂಗಸರ ಗಂಟೆಗಳೂ ಇದ್ದವು. ದೊಡ್ಡಮ್ಮನ ನಿದ್ದೆಗೆ ಕೊನೆಗೂ ಒಂದು ಕಾಲಂ ಸಿಕ್ಕಿದ್ದು ಅಲ್ಲಿ.

ಅದೇ ಸಂಸ್ಥೆಯವರು ಯುದ್ಧಕಾಲದ ಆ ಬಸ್ಸಿನ ಡ್ರಮ್ಮನ್ನು ಮತ್ತೆ ಹೊರತೆಗೆದರು. ಇದ್ದಿಲಿನ ಬದಲು ನೇರ ಕಟ್ಟಿಗೆ ಚೂರನ್ನೇ ತಿನ್ನುವ ಗ್ಯಾಸಿಫೈಯರ್ ಮಾಡಿದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಅನ್ನುವ ನಲವತ್ತು ಚಿಲ್ಲರೆ ಮನೆಯ ಊರಿನಲ್ಲಿ 5 ಅಶ್ವಶಕ್ತಿಯ, ಅಂದರೆ 3.7 ಕಿಲೋವ್ಯಾಟಿನ ಒಂದು ಪುಟ್ಟ ಯಂತ್ರ ಕೂರಿಸಿದರು. ಮುಂದೆ ಅದನ್ನು 20 ಕಿಲೋವ್ಯಾಟಿಗೆ ಏರಿಸಿದರು. ಮನೆಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು, ಎಲ್ಲ ಕಟ್ಟಿಗೆ ಚೂರಿನಿಂದ. ಡೀಸೆಲ್ ಇಂಜಿನ್ನಿಗೆ ಈ ಅನಿಲ ಕೊಟ್ಟರೆ ಡೀಸೆಲ್ ಖರ್ಚು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಂದು ಕಿಲೋ ಮೇಲೆ ಸ್ವಲ್ಪ ಕಟ್ಟಿಗೆ. 2007ರಲ್ಲಿ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟಿನ ಘಟಕದ ಕರೆಂಟು ಸರ್ಕಾರದ ತಂತಿಗೂ ಹರಿಯಿತು.

ಅಂದರೆ ತಾಂತ್ರಿಕವಾಗಿ ಇದು ಯಾವತ್ತೋ ಬಗೆಹರಿದ ಲೆಕ್ಕ. ಹಾಗಾದರೆ ನಮ್ಮ ಗುಡ್ಡ ಯಾಕೆ ಇನ್ನೂ ಉರಿಯುತ್ತಿದೆ? ಉತ್ತರ ದೊಡ್ಡಪ್ಪನ ಟ್ರೇಲರಿನಲ್ಲಿದೆ. ಯಂತ್ರಕ್ಕೆ ಬೇಕಾದದ್ದು ಒಣಗಿದ, ಒಂದೇ ಅಳತೆಯ, ಕೈಗೆ ಸಿಗುವ ಚೂರು. ಗುಡ್ಡದಲ್ಲಿ ಇರುವುದು ಹಸಿ, ಸಿಕ್ಕು ಸಿಕ್ಕಾದ, ಮುಳ್ಳಿನ ಮೆಳೆ. ನಡುವಿನ ದಾರಿಯಲ್ಲಿ ಕಡಿಯಬೇಕು, ಎಳೆಯಬೇಕು, ಒಣಗಿಸಬೇಕು, ಚೂರು ಮಾಡಬೇಕು, ಸಾಗಿಸಬೇಕು. ಖರ್ಚೆಲ್ಲ ಅಲ್ಲೇ. ಕಬ್ಬಿಗೆರೆಯಲ್ಲೂ ಕರೆಂಟಿಗೆ ತಗಲಿದ ಖರ್ಚು ಅದಕ್ಕೆ ಸಿಕ್ಕ ದರಕ್ಕಿಂತ ಜಾಸ್ತಿ ಆಗುತ್ತಿತ್ತು.

ಸಾಗಣೆಗೆ ಮದ್ದು ಇದೆ. ಪುಡಿ ಮಾಡಿ ಒತ್ತಡದಲ್ಲಿ ಅಚ್ಚು ಹಾಕಿದರೆ ಅಂಟೂ ಬೇಕಿಲ್ಲ, ಮರದೊಳಗಿನ ಲಿಗ್ನಿನ್ನೇ ಬಿಸಿಗೆ ಕರಗಿ ಹಿಡಿದುಕೊಂಡು ಇಟ್ಟಿಗೆಯಂತೆ ಗಟ್ಟಿ ತುಂಡಾಗುತ್ತದೆ. ಅದನ್ನೇ ಬ್ರಿಕೆಟ್ ಅನ್ನುವುದು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಆದರೆ ಆ ಯಂತ್ರಕ್ಕೆ ಲಕ್ಷಗಟ್ಟಲೆ ಹಣ, ಕರೆಂಟು, ವರ್ಷಪೂರ್ತಿ ಮಾಲು ಬೇಕು. ಇನ್ನೊಂದು ಬಡವರ ದಾರಿ ಪುಣೆಯ ಆರ್ತಿ ಸಂಸ್ಥೆಯವರದು. ಆನಂದ ಕರ್ವೆಯವರು ಹೊಲದಲ್ಲಿ ಸುಮ್ಮನೆ ಸುಡುತ್ತಿದ್ದ ಕಬ್ಬಿನ ರವದಿಯನ್ನು ಡ್ರಮ್ಮಿನಲ್ಲಿ ಇದ್ದಿಲು ಮಾಡಿ, ಆ ಪುಡಿಗೆ ಗಂಜಿಯಂಥ ಅಂಟು ಬೆರೆಸಿ ಉಂಡೆ ಕಟ್ಟಿಸಿದರು. 2002ರಲ್ಲಿ ಅದಕ್ಕೆ ಆಶ್ಡೆನ್ ಪ್ರಶಸ್ತಿ ಬಂತು. ಭದ್ರಾವತಿ ಕುಲುಮೆ ಬೇಡ ಅಂದ ಪುಡಿ ಇದ್ದಿಲೇ ಇಲ್ಲಿ ಮಾಲು. ಲಂಟಾನಕ್ಕೆ ಇದು ಹೇಳಿ ಮಾಡಿಸಿದಂತಿದೆ: ಡ್ರಮ್ಮನ್ನೇ ಗುಡ್ಡಕ್ಕೆ ಒಯ್ಯಬಹುದು, ಇಳಿಸಿಕೊಂಡು ಬರುವುದು ನಾಲ್ಕನೇ ಒಂದು ಭಾಗ ತೂಕದ ಇದ್ದಿಲು ಮಾತ್ರ. ಒಂದು ತೊಡಕು, ಇದ್ದಿಲು ಕಾನೂನಿನ ಪ್ರಕಾರ ಅರಣ್ಯೋತ್ಪನ್ನ. ಮೂಟೆ ಹೊತ್ತು ರಸ್ತೆಗೆ ಬಂದರೆ ಕಾಗದ ತೋರಿಸು ಅನ್ನುತ್ತಾರೆ. ಬೇಸಿಗೆಯಲ್ಲಿ ಗುಡ್ಡದ ತುಂಬ ಉರಿದು ಬೂದಿಯಾಗುವುದಕ್ಕೆ ಯಾವ ಕಾಗದವೂ ಬೇಡ!

ನನಗೆ ಇನ್ನೊಂದು ಅನುಮಾನವೂ ಇದೆ. ನಮ್ಮ ಜಿಲ್ಲೆಯದೇ ಜಗಳೂರಿನ ಕಡೆ ಹೋಗಿ ನೋಡಿ. ಅಲ್ಲಿ ಲಂಟಾನದ ಜಾಗದಲ್ಲಿ ಬಳ್ಳಾರಿ ಜಾಲಿ. ಅದೂ ಅಮೆರಿಕದ ಕಡೆಯಿಂದ ಬಂದದ್ದೇ, 1877ರ ಹೊತ್ತಿಗೆ, ಬರಗಾಲದ ಸೀಮೆಗೆ ಸೌದೆ ಆಗಲಿ ಅಂತ ಬೇಕೆಂದೇ ತಂದದ್ದು. ಸೌದೆ ಆಯಿತು, ಒಳ್ಳೆಯ ಇದ್ದಿಲೂ ಆಯಿತು, ಎಷ್ಟೋ ಬಡವರ ಒಲೆ ಅದರಲ್ಲೇ ಉರಿದಿದೆ. ಆದರೆ ಸೌದೆಯಾಗಿ ಕಡಿದು ಕಡಿದು ಜಾಲಿ ಮುಗಿದ ಊರು ನಾನು ನೋಡಿಲ್ಲ. ಕಡಿದಷ್ಟೂ ಚಿಗುರುತ್ತದೆ, ಕೆರೆ ಅಂಗಳದಲ್ಲೂ ತುಂಬುತ್ತದೆ. ಕಂಟಿಯಿಂದ ದುಡ್ಡು ಬರುತ್ತದೆ ಅಂತಾದರೆ ಕಂಟಿ ಹೋಗಲಿ ಅಂತ ಯಾರು ಬಯಸುತ್ತಾರೆ? ಲಂಟಾನವನ್ನೂ ನೆಲಮಟ್ಟಕ್ಕೆ ಕಡಿದರೆ ಮುಂದಿನ ವರ್ಷ ಇಮ್ಮಡಿ. ದೆಹಲಿಯ ಸಿ.ಆರ್. ಬಾಬು ಅವರು ತೋರಿಸಿದಂತೆ ಬುಡವನ್ನು ಮಣ್ಣಿನಿಂದ ಎರಡು ಬೆರಳು ಕೆಳಗೆ ತಾಯಿಬೇರಿಗೇ ಕತ್ತರಿಸಿ, ತಲೆಕೆಳಗು ಮಾಡಿ ಇಡಬೇಕು. ತೆರವಾದ ಜಾಗದಲ್ಲಿ ಹುಲ್ಲೋ ಮರವೋ ಬರುವಂತೆ ನೋಡಿಕೊಳ್ಳಬೇಕು. ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುವ ಕಡೆ ಯಾರು ಬೇರು ಕೀಳುತ್ತಾರೆ ಹೇಳಿ?

ಬೆಂಕಿಯ ಬಗ್ಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದನ್ನೂ ಕೇಳಬೇಕು. ಅವರು ಹಿಂದೆ ವರ್ಷದ ಮೊದಲ ತಿಂಗಳುಗಳಲ್ಲೇ, ನೆಲ ಇನ್ನೂ ತಂಪಾಗಿರುವಾಗ, ಬಿದ್ದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದರ ಹೆಸರು ತರಗು ಬೆಂಕಿ. ಮರಕ್ಕೆ ತಾಗದು, ಲಂಟಾನದ ಸಸಿ ಸಾಯುತ್ತದೆ. 1970ರ ದಶಕದಲ್ಲಿ ಅಭಯಾರಣ್ಯವಾಗಿ ಅದು ನಿಂತ ಮೇಲೆ ಲಂಟಾನ ತಲೆ ಎತ್ತಿತು ಅನ್ನುತ್ತಾರೆ ಅವರು. ಈಗ ಸಣ್ಣ ಬೆಂಕಿ ಹಾಕುವ ಹಾಗೂ ಇಲ್ಲ. ಆಳೆತ್ತರದ ಲಂಟಾನಕ್ಕೆ ಬೆಂಕಿ ಹಿಡಿದರೆ ಏಣಿ ಹತ್ತಿದಂತೆ ಮರದ ನೆತ್ತಿಗೆ ಹೋಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದು ನೆನಪಿರಬೇಕು. ಅದಕ್ಕೂ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದ ಬೆಂಕಿ ಆರಿಸಲು ಹೋದ ಇಪ್ಪತ್ತರ ಹರೆಯದ ಅರಣ್ಯ ರಕ್ಷಕನೊಬ್ಬ ಸುಟ್ಟು ಸತ್ತ. ನಮ್ಮಲ್ಲಿ ಬರೀ ಎರಡು ಸಾಲು ಅಡಿಕೆ ಹೋಯಿತು.

ದೊಡ್ಡಪ್ಪ ಹಠ ಬಿಡಲಿಲ್ಲ, ರೀತಿ ಬದಲಿಸಿದರು. ಇಡೀ ಗುಡ್ಡದ ಆಸೆ ಬಿಟ್ಟರು. ಪ್ರತಿ ವರ್ಷ ತೋಟದ ಬೇಲಿಯಿಂದಾಚೆ ಮೂವತ್ತು ಅಡಿ ಪಟ್ಟಿ ಮಾತ್ರ, ಬೇರು ಸಮೇತ. ಮಣ್ಣು ಮೆತ್ತಗಿರುವಾಗ, ಮಳೆಗಾಲದ ಕೊನೆಯಲ್ಲಿ. ಹೆಬ್ಬೆರಳಿಗಿಂತ ದಪ್ಪ ಇರುವುದು ಮಾತ್ರ ಒಲೆಗೆ, ಉಳಿದದ್ದು ತೋಟದ ಕಾಲುವೆಗೆ ಗೊಬ್ಬರ. ಒಲೆಯ ಕಾವಿಗೆ ಹುಣಸೆ ಕೊರಡು ಇದ್ದೇ ಇದೆ, ಕಂಟಿ ಬೆಂಕಿ ಎಬ್ಬಿಸಲು ಮತ್ತು ಕುದಿ ಬರಿಸಲು ಮಾತ್ರ. ಈ ಒಪ್ಪಂದ ದೊಡ್ಡಮ್ಮನದು. ಸೌದೆ ಖರ್ಚಿನಲ್ಲಿ ಸ್ವಲ್ಪ ಉಳಿಯುತ್ತದೆ, ಬಹಳ ಏನಲ್ಲ. ಕೂಲಿ ಲೆಕ್ಕ ಹಾಕಿದರೆ ನಷ್ಟವೇ ಇರಬಹುದು. ದೊಡ್ಡಪ್ಪ ಅದನ್ನು ಸೌದೆ ಖಾತೆಗೆ ಬರೆಯುವುದಿಲ್ಲ, ಬೇಲಿ ಖಾತೆಗೆ ಬರೆಯುತ್ತಾರೆ. ಪಕ್ಕದ ಇಬ್ಬರು ತೋಟದವರೂ ಈಗ ತಮ್ಮ ಪಟ್ಟಿ ತಾವು ತೆಗೆಯುತ್ತಿದ್ದಾರೆ. ಮೂರನೆಯವನು ಖೇಣಿಗೆ ಕೊಟ್ಟು ದಾವಣಗೆರೆಯಲ್ಲಿದ್ದಾನೆ, ಅವನ ಬೇಲಿ ಹಾಗೇ ಇದೆ.

ಆ ರಾತ್ರಿ ಬೆಂಕಿ ಹಳ್ಳದ ದಾರಿ ಹಿಡಿದು ಇಳಿಯಿತು. ನಾವು ಟಾರ್ಚ್ ಹಿಡಿದು ಹೋದೆವು, ಮಗಳೂ ಬಂದಳು. ಖೇಣಿಯವನ ಬೇಲಿ ಉರಿಯುತ್ತಿತ್ತು, ಅಲ್ಲಿ ನಾಲ್ಕೈದು ಜನ ರೆಂಬೆ ಹಿಡಿದು ಬಡಿಯುತ್ತಿದ್ದರು. ನಮ್ಮ ಪಟ್ಟಿಯ ಹತ್ತಿರ ಬಂದ ಬೆಂಕಿ ಮೊಣಕಾಲೆತ್ತರದ ಹುಲ್ಲಿನಲ್ಲಿ ಸ್ವಲ್ಪ ದೂರ ಬಂದು, ಹೊಗೆಯಾಡಿ, ನಿಂತಿತು. ದೊಡ್ಡಪ್ಪ ಚಪ್ಪಲಿ ಕಾಲಲ್ಲಿ ಅಲ್ಲಲ್ಲಿ ಕೆಂಡ ತುಳಿದು ಆರಿಸಿದರು. ಆಮೇಲೆ ಪಕ್ಕದ ಬೇಲಿಗೆ ಹೋಗಿ ಒಂದು ಹಸಿ ರೆಂಬೆ ಮುರಿದುಕೊಂಡರು. ನನ್ನ ಕೈಗೂ ಒಂದು ಕೊಟ್ಟರು.